ಫಿರಂಗಿ ಲೆಕ್ಕದಿಂದ ಪುಣೆಯ ಮಳೆ ಮುನ್ಸೂಚನೆವರೆಗೆ: ಕಂಪ್ಯೂಟರ್ ಬೆಳೆಯಲು ಸೇನೆ ಏಕೆ ಬೇಕಾಯಿತು?

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಒಂದು ನಿಯಮ ಹೊರಡಿಸಿತು. ಎಐಗೆ ಬೇಕಾದ ಶಕ್ತಿಶಾಲಿ ಚಿಪ್‌ಗಳನ್ನು ಯಾವ ದೇಶಕ್ಕೆ ಎಷ್ಟು ಮಾರಬಹುದು ಎಂದು ಅದು ಜಗತ್ತನ್ನು ಮೂರು ಪಾಲು ಮಾಡಿತ್ತು. ಭಾರತ ನಡುವಿನ ಪಾಲಿಗೆ ಬಿತ್ತು. ಮೇ ತಿಂಗಳಲ್ಲಿ ಆ ನಿಯಮವನ್ನು ಕೈಬಿಡುವುದಾಗಿ ಅಮೆರಿಕವೇ ಹೇಳಿತು. ಆದರೆ ಚೀನಾಕ್ಕೆ ಚಿಪ್ ಮಾರುವ ವಿಚಾರದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಹಗ್ಗಜಗ್ಗಾಟ ನಿಂತಿಲ್ಲ.

ಪುಣೆಯ ಹಿಂಜೆವಾಡಿಯಲ್ಲೋ ಖರಾಡಿಯಲ್ಲೋ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಇದು ದೂರದ ಸುದ್ದಿಯಲ್ಲ. ಅವರು ಬರೆಯುವ ಸಾಫ್ಟ್‌ವೇರ್ ಓಡುವುದೇ ಈ ಚಿಪ್‌ಗಳ ಮೇಲೆ. ಸಹಜವಾಗಿ ಏಳುವ ಪ್ರಶ್ನೆ ಒಂದು. ವಿಡಿಯೋ ಗೇಮ್ ಚಿತ್ರ ಚೆನ್ನಾಗಿ ಕಾಣಲಿ ಎಂದು ಹುಟ್ಟಿದ ಚಿಪ್‌ಗೂ ದೇಶದ ರಕ್ಷಣೆಗೂ ಏನು ಸಂಬಂಧ?

ಸಂಬಂಧ ಹಳೆಯದು. ಕಂಪ್ಯೂಟರ್‌ಗೆ ಮಾರುಕಟ್ಟೆಯೇ ಇಲ್ಲದ ಕಾಲದಲ್ಲಿ ಅದಕ್ಕೆ ದುಡ್ಡು ಹಾಕಿದ ದೊಡ್ಡ ಗಿರಾಕಿ ಸೇನೆ. ಅದನ್ನು ತಿಳಿಯಲು 80 ವರ್ಷ ಹಿಂದಕ್ಕೆ ಹೋಗಬೇಕು. ಈ ದಾರಿಯಲ್ಲಿ ಮುಂಬೈಯ ಕೊಲಾಬಾ ಸಿಗುತ್ತದೆ, ಪುಣೆಯೂ ಸಿಗುತ್ತದೆ.

ಗುಂಡು ಎಲ್ಲಿ ಬೀಳುತ್ತದೆ?

ದೊಡ್ಡ ಫಿರಂಗಿ ಹಾರಿಸುವವನಿಗೆ ಗುರಿ ಕಣ್ಣಿಗೆ ಕಾಣುವುದೇ ಇಲ್ಲ. ಅದು ಬೆಟ್ಟದ ಆಚೆ, ಹತ್ತಾರು ಕಿಲೋಮೀಟರ್ ದೂರದಲ್ಲಿರುತ್ತದೆ. ನಳಿಗೆಯನ್ನು ಎಷ್ಟು ಎತ್ತಬೇಕು ಎಂಬುದು ದೂರದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಗಾಳಿಯ ವೇಗ, ಗಾಳಿಯ ಬಿಸಿ, ಗುಂಡಿನ ತೂಕ, ಮದ್ದಿನ ಪ್ರಮಾಣ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಯುದ್ಧದ ನಡುವೆ ಇಂಥ ಗಣಿತ ಮಾಡುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಮೊದಲೇ ಲೆಕ್ಕ ಹಾಕಿ ಅಚ್ಚು ಮಾಡಿದ ಕೋಷ್ಟಕದ ಪುಸ್ತಕವನ್ನು ಫಿರಂಗಿಯ ಜೊತೆ ಕಳಿಸುತ್ತಿದ್ದರು. ಹೊಸ ಫಿರಂಗಿ ಬಂದರೆ ಹೊಸ ಕೋಷ್ಟಕ. ಹೊಸ ಬಗೆಯ ಗುಂಡು ಬಂದರೂ ಹೊಸ ಕೋಷ್ಟಕ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆಗೆ ಇದೇ ದೊಡ್ಡ ತಲೆನೋವಾಯಿತು. 60 ಸೆಕೆಂಡು ಹಾರುವ ಒಂದೇ ಒಂದು ಗುಂಡಿನ ದಾರಿಯನ್ನು ಮೇಜಿನ ಮೇಲಿನ ಲೆಕ್ಕದ ಯಂತ್ರ ಇಟ್ಟುಕೊಂಡು ಬಿಡಿಸಲು ಪಳಗಿದವರಿಗೂ ಸುಮಾರು 20 ಗಂಟೆ ಹಿಡಿಯುತ್ತಿತ್ತು. ಒಂದು ಕೋಷ್ಟಕಕ್ಕೆ ಇಂಥ ಸಾವಿರಾರು ದಾರಿಗಳು ಬೇಕು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ ಹೆಣ್ಣುಮಕ್ಕಳ ದೊಡ್ಡ ತಂಡವೇ ಈ ಕೆಲಸಕ್ಕೆ ಕೂತಿತ್ತು. ಆದರೂ ಫಿರಂಗಿಗಳ ವೇಗಕ್ಕೆ ಕೋಷ್ಟಕಗಳು ತಯಾರಾಗಲಿಲ್ಲ.

ಅಲ್ಲೇ ಇದ್ದ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಒಂದು ದಾರಿ ತೋರಿಸಿದರು. ಹಲ್ಲುಚಕ್ರ ತಿರುಗಿಸಿ ಲೆಕ್ಕ ಮಾಡುವ ಬದಲು ವ್ಯಾಕ್ಯೂಮ್ ಟ್ಯೂಬ್ ಬಳಸೋಣ ಎಂದರು. ಹಳೆಯ ವಾಲ್ವ್ ರೇಡಿಯೋದ ಒಳಗೆ ಬೆಳಗುತ್ತಿದ್ದ ಗಾಜಿನ ಬುರುಡೆ ನೋಡಿದವರಿಗೆ ಇದು ಗೊತ್ತು. ಅದು ಕರೆಂಟನ್ನು ಕಣ್ಣುಮಿಟುಕಿಸುವುದರೊಳಗೆ ಸಾವಿರಾರು ಸಲ ಹರಿಸಿ ನಿಲ್ಲಿಸಬಲ್ಲದು. ತೊಂದರೆ ಏನೆಂದರೆ ಆ ಬುರುಡೆಗಳು ಆಗಾಗ ಸುಟ್ಟುಹೋಗುತ್ತಿದ್ದವು. ಇಲ್ಲಿ ಬೇಕಾಗಿದ್ದದ್ದು ಸುಮಾರು 18,000 ಬುರುಡೆ. ಇಷ್ಟೆಲ್ಲ ಒಟ್ಟಿಗೆ ಕೆಡದೆ ನಡೆಯುತ್ತವೆಯೇ ಎಂದು ಬಲ್ಲವರೇ ಅನುಮಾನಪಟ್ಟರು.

ನನ್ನ ಮಟ್ಟಿಗೆ ಇಡೀ ಕಥೆಯ ಗುಟ್ಟು ಇರುವುದು ಇಲ್ಲೇ. ಶಾಂತಿಕಾಲದಲ್ಲಿ ಇಂಥ ಯೋಜನೆಗೆ ಯಾವ ಕಂಪನಿಯೂ ಲಕ್ಷಾಂತರ ಡಾಲರ್ ಹಾಕುತ್ತಿರಲಿಲ್ಲ. ಕೆಟ್ಟುಹೋದರೆ ನಷ್ಟ, ಗೆದ್ದರೂ ಕೊಳ್ಳುವವರು ಯಾರು? ಯುದ್ಧದಲ್ಲಿದ್ದ ಸೇನೆಯ ಲೆಕ್ಕಾಚಾರ ಬೇರೆ. ಗೆದ್ದರೆ ಸಿಗುವ ಲಾಭ ಅದಕ್ಕೆ ದುಡ್ಡಿನಲ್ಲಿ ಅಳೆಯುವಂಥದ್ದಲ್ಲ. 1943ರ ಜೂನ್‌ನಲ್ಲಿ ಒಪ್ಪಂದವಾಯಿತು. ಯಂತ್ರಕ್ಕೆ ಎನಿಯಾಕ್ ಎಂದು ಹೆಸರಿಟ್ಟರು. 30 ಟನ್ ತೂಕ. 20 ಗಂಟೆಯ ಆ ಲೆಕ್ಕವನ್ನು ಅದು ಸುಮಾರು 30 ಸೆಕೆಂಡಿನಲ್ಲಿ ಮುಗಿಸಿತು. ಅಂದರೆ ಗುಂಡು ನೆಲ ಮುಟ್ಟುವ ಮೊದಲೇ ಎಲ್ಲಿ ಮುಟ್ಟುತ್ತದೆ ಎಂದು ಹೇಳಿಬಿಡುತ್ತಿತ್ತು.

ಆದರೆ ಯಂತ್ರ ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದಿತ್ತು. ಎನಿಯಾಕ್‌ಗೆ ಸಿಕ್ಕ ಮೊದಲ ದೊಡ್ಡ ಕೆಲಸ ಫಿರಂಗಿಯದಲ್ಲ. ಹೈಡ್ರೋಜನ್ ಬಾಂಬ್ ಸಾಧ್ಯವೇ ಎಂದು ಅಮೆರಿಕದ ಅಣುಬಾಂಬ್ ಪ್ರಯೋಗಾಲಯ ಲಾಸ್ ಅಲಾಮೋಸ್‌ನ ವಿಜ್ಞಾನಿಗಳು ಕೇಳಿದ ಲೆಕ್ಕ. 1946ರ ಫೆಬ್ರವರಿಯಲ್ಲಿ ಯಂತ್ರವನ್ನು ಪತ್ರಕರ್ತರಿಗೆ ತೋರಿಸಿದಾಗ ಎಲ್ಲರೂ ಎಂಜಿನಿಯರ್‌ಗಳನ್ನು ಹೊಗಳಿದರು. ಅದಕ್ಕೆ ಲೆಕ್ಕ ಹೂಡಿಕೊಟ್ಟ ಆರು ಜನ ಹೆಣ್ಣುಮಕ್ಕಳ ಹೆಸರು ಆಗ ಯಾರೂ ಎತ್ತಲಿಲ್ಲ. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್ಮನ್. ಇಲ್ಲಾದರೂ ಆ ಹೆಸರುಗಳು ಇರಲಿ.

ಅಷ್ಟರಲ್ಲಿ ಬ್ರಿಟನ್ನಿನಲ್ಲೂ ಇಂಥದ್ದೇ ಒಂದು ಯಂತ್ರ ಹುಟ್ಟಿತ್ತು. ಜರ್ಮನ್ ಸೇನೆಯ ಮೇಲಧಿಕಾರಿಗಳ ರಹಸ್ಯ ಸಂದೇಶ ಒಡೆಯಲು ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಕೊಲೋಸಸ್ 1944ರ ಆರಂಭದಲ್ಲೇ ಗುಪ್ತ ಸಂದೇಶ ಒಡೆಯುವ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೆಲಸ ಶುರು ಮಾಡಿತ್ತು. ಯುದ್ಧ ಮುಗಿದ ಮೇಲೆ ಬಹುಪಾಲು ಕೊಲೋಸಸ್‌ಗಳನ್ನು ಬಿಚ್ಚಿಹಾಕಿ, 1970ರ ದಶಕದವರೆಗೆ ವಿಷಯವನ್ನೇ ಮುಚ್ಚಿಟ್ಟರು. ಸೇನೆಯ ದುಡ್ಡು ತಂತ್ರಜ್ಞಾನವನ್ನು ಬೆಳೆಸುತ್ತದೆ ಎನ್ನುವಾಗ ಇದನ್ನೂ ನೆನಪಿಡಬೇಕು. ಸೇನೆಯ ಗುಟ್ಟು ತಂತ್ರಜ್ಞಾನವನ್ನು ಹೂತೂ ಹಾಕಬಲ್ಲದು.

ಪ್ರಿನ್ಸ್‌ಟನ್ನಿನಿಂದ ಕೊಲಾಬಾಕ್ಕೆ

ಎನಿಯಾಕ್‌ಗೆ ಒಂದು ದೊಡ್ಡ ಕೊರತೆ ಇತ್ತು. ಹೊಸ ಲೆಕ್ಕ ಕೊಡಬೇಕೆಂದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ನೂರಾರು ಸ್ವಿಚ್ ತಿರುಗಿಸಬೇಕು. ಲೆಕ್ಕ ಮುಗಿಯಲು ನಿಮಿಷಗಳು ಸಾಕು. ಅದನ್ನು ಹೂಡಲು ದಿನಗಟ್ಟಲೆ ಬೇಕು.

ಇದಕ್ಕೆ ಪರಿಹಾರ ಬಂದದ್ದು 1945ರ ಜೂನ್‌ನಲ್ಲಿ. ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಜಾನ್ ವಾನ್ ನಾಯ್ಮನ್ ಈ ತಂಡದ ಜೊತೆ ಚರ್ಚಿಸಿ ಒಂದು ವರದಿ ಬರೆದರು. ಅದರ ತಿರುಳು ಇಷ್ಟು. ಅಂಕಿಗಳನ್ನು ಯಂತ್ರದ ನೆನಪಿನಲ್ಲಿ ಇಡುವಂತೆ, ಏನು ಮಾಡಬೇಕೆಂಬ ಸೂಚನೆಗಳನ್ನೂ ಅದೇ ನೆನಪಿನಲ್ಲಿ ಇಡಿ. ಆಗ ಕೆಲಸ ಬದಲಿಸಲು ತಂತಿ ಮುಟ್ಟಬೇಕಾಗಿಲ್ಲ, ಸೂಚನೆ ಬದಲಿಸಿದರೆ ಸಾಕು. ಇಂದು ನಿಮ್ಮ ಮೊಬೈಲಿನಲ್ಲಿ ಒಂದು ಆ್ಯಪ್ ಮುಚ್ಚಿ ಇನ್ನೊಂದನ್ನು ತೆರೆಯಲು ಆಗುವುದು ಇದರಿಂದಲೇ. ಎಕರ್ಟ್, ಮಾಕ್ಲಿ ಇಬ್ಬರದ್ದೂ ಈ ವಿಚಾರದಲ್ಲಿ ಪಾಲಿತ್ತು. ವರದಿಯಲ್ಲಿ ಹೆಸರಿದ್ದದ್ದು ವಾನ್ ನಾಯ್ಮನ್ ಒಬ್ಬರದೇ. ಆ ಜಗಳ ಬಹಳ ಕಾಲ ನಡೆಯಿತು.

ವಾನ್ ನಾಯ್ಮನ್ ಆಮೇಲೆ ಪ್ರಿನ್ಸ್‌ಟನ್ನಿನಲ್ಲಿ ಇಂಥ ಯಂತ್ರ ಕಟ್ಟಿಸಿದರು. ಅದಕ್ಕೆ ಸೇನೆ, ನೌಕಾಪಡೆ ಮತ್ತು ಅಣುಶಕ್ತಿ ಆಯೋಗ ದುಡ್ಡು ಕೊಟ್ಟವು. ಆದರೆ ವಿನ್ಯಾಸವನ್ನು ಬಚ್ಚಿಡದೆ ವರದಿಗಳಾಗಿ ಹಂಚಿದರು. ಕೊಲೋಸಸ್‌ಗೆ ಆದದ್ದು ಇದಕ್ಕೆ ಆಗಲಿಲ್ಲ. ಹಲವು ದೇಶಗಳಲ್ಲಿ ಅದರ ತಮ್ಮತಂಗಿಯರು ಹುಟ್ಟಿದರು.

ಅವುಗಳಲ್ಲಿ ಒಂದು ನಮ್ಮ ಮುಂಬೈಯದು. ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮುಂದಾಳತ್ವದ ತಂಡ 1956ರಲ್ಲಿ ಒಂದು ಪುಟ್ಟ ಮಾದರಿ ಮಾಡಿ ನೋಡಿತು. 1960ರ ಫೆಬ್ರವರಿಯಲ್ಲಿ ಪೂರ್ಣ ಯಂತ್ರ ಕೆಲಸಕ್ಕೆ ಬಂತು. ಸುಮಾರು 2,700 ಟ್ಯೂಬ್‌ಗಳು, 2,048 ‘ಪದ’ಗಳಷ್ಟು ನೆನಪು. ಇಲ್ಲಿ ಪದ ಎಂದರೆ ಒಂದು ಅಂಕಿಯನ್ನೋ ಸೂಚನೆಯನ್ನೋ ಇಡುವ ಜಾಗ. ಇಂದಿನ ಒಂದು ಸಣ್ಣ ಫೋಟೋ ಕೂಡ ಅದರೊಳಗೆ ಹಿಡಿಯದು. ಆದರೆ ದೇಶದಲ್ಲಿ ಕಂಪ್ಯೂಟರ್ ಕಟ್ಟಿದ ಅನುಭವವೇ ಹೆಚ್ಚುಕಡಿಮೆ ಇಲ್ಲದ ಕಾಲದಲ್ಲಿ, ಓದಿ, ಮಾಡಿ, ತಪ್ಪಿ, ತಿದ್ದಿ ಕಟ್ಟಿದ ಯಂತ್ರ ಅದು. 1962ರಲ್ಲಿ ನೆಹರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಕೊಲಾಬಾದ ನೇವಿ ನಗರದ ಕಡೆ ಹೋಗುವ ನಮ್ಮವರಲ್ಲಿ ಎಷ್ಟು ಜನರಿಗೆ ಈ ಸಂಗತಿ ಗೊತ್ತು? ಶಾಲೆಯ ಪುಸ್ತಕದಲ್ಲಿ ಇದಕ್ಕೆ ಒಂದು ಪುಟವಾದರೂ ಇರಬೇಕಿತ್ತು.

ಪರದೆ ಮತ್ತು ಟಿಕೆಟ್

ಟಿಫ್ರಾಕ್‌ನ ನೆನಪು ಇದ್ದದ್ದು ಸಣ್ಣ ಸಣ್ಣ ಕಾಂತೀಯ ಉಂಗುರಗಳಲ್ಲಿ. ಆ ಉಂಗುರಗಳ ಹಿಂದೆಯೂ ಸೇನೆಯ ಕಥೆ ಇದೆ.

1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು. ಉತ್ತರ ಧ್ರುವದ ಕಡೆಯಿಂದ ಬಾಂಬರ್ ವಿಮಾನ ಬಂದರೆ ಏನು ಗತಿ ಎಂದು ಅಮೆರಿಕ ಹೆದರಿತು. ನೂರಾರು ರೇಡಾರ್‌ಗಳ ಮಾಹಿತಿಯನ್ನು ಒಂದೆಡೆ ತಂದು, ವಿಮಾನ ಎಲ್ಲಿದೆ ಎಂದು ಆ ಕ್ಷಣದಲ್ಲೇ ಹೇಳುವ ವ್ಯವಸ್ಥೆ ಬೇಕಾಯಿತು. ಹಳೆಯ ಕಂಪ್ಯೂಟರ್‌ಗೆ ಲೆಕ್ಕ ಕೊಟ್ಟು ನಾಳೆ ಬಂದು ಉತ್ತರ ತೆಗೆದುಕೊಂಡರೂ ನಡೆಯುತ್ತಿತ್ತು. ಇಲ್ಲಿ ನಾಳೆ ಎಂಬುದೇ ಇಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ತಂಡ ಕಟ್ಟುತ್ತಿದ್ದ ವರ್ಲ್‌ವಿಂಡ್ ಎಂಬ ಯಂತ್ರ ಈ ಕೆಲಸಕ್ಕೆ ಬುನಾದಿಯಾಯಿತು. ಕೆಡದೆ ಬೇಗ ಉತ್ತರಿಸುವ ನೆನಪು ಬೇಕು ಎಂಬ ಹಟದಿಂದ ಅವರು ಕಾಂತೀಯ ಉಂಗುರಗಳನ್ನು 1953ರಲ್ಲಿ ಅದಕ್ಕೆ ಅಳವಡಿಸಿದರು. ಅದರಿಂದ ಬೆಳೆದ ಸೇಜ್ ಎಂಬ ವಾಯುರಕ್ಷಣಾ ಜಾಲದ ಯಂತ್ರಗಳನ್ನು ಐಬಿಎಂ ತಯಾರಿಸಿತು. ಒಂದೊಂದೂ ಸುಮಾರು 250 ಟನ್. ಸೈನಿಕರು ಪರದೆಯ ಮುಂದೆ ಕೂತು, ಬೆಳಕಿನ ಪಿಸ್ತೂಲಿನಂಥ ಸಾಧನದಿಂದ ಚುಕ್ಕೆಯನ್ನು ಮುಟ್ಟಿ ಕಂಪ್ಯೂಟರ್ ಜೊತೆ ಮಾತಾಡುತ್ತಿದ್ದರು. ಮಾಹಿತಿ ಟೆಲಿಫೋನ್ ತಂತಿಯ ಮೇಲೆ ಓಡಾಡುತ್ತಿತ್ತು. ಪರದೆ ನೋಡಿ ಬೆರಳಿನಿಂದ ತೋರಿಸುವ ಅಭ್ಯಾಸ ಶುರುವಾದದ್ದು ಇಂಥ ಕಡೆ.

ಇದರಲ್ಲಿ ಕಲಿತದ್ದನ್ನು ಐಬಿಎಂ 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ ಸೇಬರ್ ಎಂಬ ಸೀಟು ಕಾದಿರಿಸುವ ವ್ಯವಸ್ಥೆ ಕಟ್ಟಲು ಬಳಸಿತು. ದೂರದೂರದ ಹಲವು ಜನ ಒಂದೇ ಪಟ್ಟಿಯನ್ನು ಒಂದೇ ಕ್ಷಣದಲ್ಲಿ ನೋಡಿ ಬದಲಿಸುವ ಕೆಲಸ ಎರಡೂ ಕಡೆ ಒಂದೇ. ಉದ್ಯಾನ್ ಎಕ್ಸ್‌ಪ್ರೆಸ್‌ನ ಒಂದೇ ಬರ್ತ್ ಮುಂಬೈಯವರಿಗೂ ಪುಣೆಯವರಿಗೂ ಸಿಗದಂತೆ ನೋಡಿಕೊಳ್ಳುವುದೂ ಇದೇ ಬಗೆಯ ಕೆಲಸ.

50 ಡಾಲರಿನ ಚಿಪ್

ಚಿಪ್ ಎಂದರೆ ವ್ಯಾಕ್ಯೂಮ್ ಟ್ಯೂಬಿನ ಕೆಲಸವನ್ನೇ ಮಾಡುವ ಹಲವು ಪುಟ್ಟ ಟ್ರಾನ್ಸಿಸ್ಟರ್‌ಗಳನ್ನು ಒಂದೇ ಸಣ್ಣ ಸಿಲಿಕಾನ್ ಚೂರಿನ ಮೇಲೆ ಒಟ್ಟಿಗೆ ಮೂಡಿಸಿದ್ದು. ಇದನ್ನು ಸೇನೆ ಕಂಡುಹಿಡಿಯಲಿಲ್ಲ. 1958 ಮತ್ತು 1959ರಲ್ಲಿ ಜ್ಯಾಕ್ ಕಿಲ್ಬಿ ಹಾಗೂ ರಾಬರ್ಟ್ ನಾಯ್ಸ್ ತಮ್ಮ ತಮ್ಮ ಕಂಪನಿಗಳಲ್ಲಿ ಬೇರೆ ಬೇರೆಯಾಗಿ ಇದನ್ನು ಮಾಡಿದರು.

ಆದರೆ ಕೊಂಡವರು ಯಾರು? 1962ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಚಿಪ್‌ಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಸರ್ಕಾರವೇ ಕೊಂಡಿತು. ಸರಾಸರಿ ಬೆಲೆ 50 ಡಾಲರ್. ರೇಡಿಯೋ ತಯಾರಿಸುವವನು ಆ ಬೆಲೆಗೆ ಚಿಪ್ ಹಾಕಿದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಕ್ಷಿಪಣಿ ಮಾಡುವವರಿಗೆ ಬೆಲೆ ದೊಡ್ಡದಲ್ಲ. ಅವರಿಗೆ ಬೇಕಾದದ್ದು ಹಗುರ, ಚಿಕ್ಕದು, ಕೆಡದ್ದು. ಮಿನಿಟ್‌ಮನ್ ಕ್ಷಿಪಣಿಯ ಎರಡನೇ ಆವೃತ್ತಿ ಮತ್ತು ಚಂದ್ರನಿಗೆ ಹೋದ ಅಪೊಲೋ ನೌಕೆಯ ಕಂಪ್ಯೂಟರ್ ಲಕ್ಷಗಟ್ಟಲೆ ಚಿಪ್ ನುಂಗಿದವು.

ಜಾಸ್ತಿ ಮಾಡಿದಷ್ಟೂ ಕಾರ್ಖಾನೆಗಳು ಕೆಲಸ ಕಲಿತವು, ಹಾಳಾಗುವ ಚೂರುಗಳು ಕಡಿಮೆಯಾದವು, ಬೆಲೆ ಇಳಿಯಿತು. 1968ರ ಹೊತ್ತಿಗೆ ಸರಾಸರಿ ಬೆಲೆ ಎರಡು ಡಾಲರ್ ಚಿಲ್ಲರೆ. ಆಗ ಸಾಮಾನ್ಯ ಗಿರಾಕಿಗಳು ನುಗ್ಗಿದರು, ಸೇನೆಯ ಪಾಲು ಅರ್ಧಕ್ಕಿಂತ ಕೆಳಗೆ ಹೋಯಿತು. ಸೇನೆ ಮಾಡಿದ ದೊಡ್ಡ ಕೆಲಸ ಎಂದರೆ ಹೊಸ ವಸ್ತು ದುಬಾರಿಯಾಗಿದ್ದ ಆ ಐದಾರು ವರ್ಷ ಅದನ್ನು ಸಾಕಿದ್ದು.

ಭಾಷೆಯ ವಿಚಾರದಲ್ಲೂ ಹೀಗೇ. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಾದ ಪೆಂಟಗನ್‌ನಲ್ಲಿ ನಡೆದ ಸಭೆಯಿಂದ ಕೋಬಾಲ್ ಎಂಬ ಪ್ರೋಗ್ರಾಂ ಭಾಷೆ ಹುಟ್ಟಿತು. ನೌಕಾಪಡೆಯ ಗ್ರೇಸ್ ಹಾಪರ್ ಅವರ ಹಿಂದಿನ ಕೆಲಸ ಅದಕ್ಕೆ ತಳಪಾಯ. ಕೋಬಾಲ್ ಬಾರದ ಯಂತ್ರ ನಮಗೆ ಬೇಡ ಎಂದು ಅಮೆರಿಕದ ರಕ್ಷಣಾ ಇಲಾಖೆ ಹೇಳಿದ್ದರಿಂದ ಎಲ್ಲ ಕಂಪನಿಗಳೂ ಅದನ್ನು ಕಲಿಸಲೇಬೇಕಾಯಿತು. 1990ರ ದಶಕದ ಕೊನೆಯಲ್ಲಿ 2000ನೇ ಇಸವಿಯ ದಿನಾಂಕದ ತೊಡಕು ಬಂದಾಗ ಮುಂಬೈ, ಪುಣೆಗಳಲ್ಲಿ ಎಷ್ಟೋ ಎಂಜಿನಿಯರ್‌ಗಳು ತಿದ್ದಿದ್ದು ಇದೇ ಭಾಷೆಯ ಹಳೆಯ ಪ್ರೋಗ್ರಾಂಗಳನ್ನು.

ಇಂಟರ್‌ನೆಟ್ ಅಣುಯುದ್ಧಕ್ಕಾಗಿ ಹುಟ್ಟಿತೇ?

ಅರ್ಧ ನಿಜ. 1957ರಲ್ಲಿ ಸೋವಿಯತ್ ಸ್ಪುಟ್ನಿಕ್ ಹಾರಿಸಿದ ಮೇಲೆ, 1958ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅರ್ಪಾ ಎಂಬ ಸಂಶೋಧನಾ ಸಂಸ್ಥೆ ಶುರು ಮಾಡಿತು. ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್ ಅದರ ಕೂಸು. ಆದರೆ ಅದನ್ನು ಕಟ್ಟಿದ ನೇರ ಉದ್ದೇಶ, ದುಬಾರಿ ಕಂಪ್ಯೂಟರ್‌ಗಳನ್ನು ಬೇರೆ ಬೇರೆ ಊರಿನ ಸಂಶೋಧಕರು ಹಂಚಿಕೊಳ್ಳಲಿ ಎಂಬುದು. ಅಣುದಾಳಿಯ ನಂತರವೂ ಸಂಪರ್ಕ ಉಳಿಯಬೇಕು ಎಂದು ಯೋಚಿಸಿದವರು ಅಮೆರಿಕ ವಾಯುಪಡೆಗಾಗಿ ಸಂಶೋಧನೆ ಮಾಡುತ್ತಿದ್ದ ರ‍್ಯಾಂಡ್ ಸಂಸ್ಥೆಯ ಪಾಲ್ ಬರನ್. ಸಂದೇಶವನ್ನು ಚೂರು ಮಾಡಿ ಕಳಿಸುವ ಅವರ ವಿಚಾರ ಈ ಜಾಲಕ್ಕೆ ಬಂದು ಸೇರಿತು. ಅದೇ ವಿಚಾರ ಬ್ರಿಟನ್ನಿನ ಡೊನಾಲ್ಡ್ ಡೇವಿಸ್‌ಗೆ ಯುದ್ಧದ ಹಂಗಿಲ್ಲದೆ ಸ್ವತಂತ್ರವಾಗಿ ಹೊಳೆದಿತ್ತು.

ಚೂರು ಮಾಡುವುದು ಎಂದರೆ ಏನು? ಪುಣೆಯಿಂದ ಹುಬ್ಬಳ್ಳಿಗೆ ಮದುವೆ ದಿಬ್ಬಣ ಹೊರಟಿದೆ ಎಂದುಕೊಳ್ಳಿ. ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದರೆ, ಖಂಬಾಟ್ಕಿ ಘಾಟಿನಲ್ಲಿ ರಸ್ತೆ ಕಟ್ಟಿದರೆ ಇಡೀ ದಿಬ್ಬಣ ನಿಂತಿತು. ಅದರ ಬದಲು ಪ್ರತಿಯೊಬ್ಬರ ಕೈಗೆ ಛತ್ರದ ವಿಳಾಸ ಮತ್ತು ಒಂದು ಸಂಖ್ಯೆ ಕೊಟ್ಟು ಸಿಕ್ಕ ಬಸ್ಸು ಹತ್ತಿ ಎಂದರೆ? ಕೆಲವರು ಕೊಲ್ಹಾಪುರ, ಬೆಳಗಾವಿ ಮೇಲೆ ಹೋಗುತ್ತಾರೆ. ಕೆಲವರು ಸೋಲಾಪುರ, ವಿಜಯಪುರ ಮೇಲೆ ಬರುತ್ತಾರೆ. ಛತ್ರದಲ್ಲಿ ಸಂಖ್ಯೆ ನೋಡಿ ಸಾಲಾಗಿ ಕೂರಿಸಿದರೆ ದಿಬ್ಬಣ ಪೂರ್ತಿ. ಯಾರಾದರೂ ದಾರಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ವಾಟ್ಸ್ಆ್ಯಪ್ ಫೋಟೋ ಊರಿಗೆ ಹೋಗುವುದು ಹೀಗೇ.

1969ರ ಅಕ್ಟೋಬರ್ 29ರಂದು ಮೊದಲ ಸಂದೇಶ ಹೋಯಿತು. 1983ರ ಜನವರಿ 1ರಂದು ಅರ್ಪಾನೆಟ್ ಇಂದಿನ ಇಂಟರ್‌ನೆಟ್ ನಿಯಮಗಳಿಗೆ ಬದಲಾಯಿತು. ಅದೇ ವರ್ಷ ಸೇನೆ ತನ್ನ ಪಾಲನ್ನು ಬೇರೆ ಮಾಡಿಕೊಂಡಿತು. 1995ರ ಆಗಸ್ಟ್ 15ರಂದು ಭಾರತದ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮುಂಬೈ ಸೇರಿದಂತೆ ಕೆಲವು ನಗರಗಳಲ್ಲಿ ಸಾಮಾನ್ಯ ಜನರಿಗೂ ಇಂಟರ್‌ನೆಟ್ ಕೊಟ್ಟಿತು.

ಜಿಪಿಎಸ್ ಇನ್ನೂ ನೇರ. 1973ರಲ್ಲಿ ಅಮೆರಿಕ ಸೇನೆಯೇ ಶುರು ಮಾಡಿದ್ದು. ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕಾಗಿಸಿದ್ದರು. 2000ದ ಮೇ ತಿಂಗಳಲ್ಲಿ ಆ ಮಸುಕು ತೆಗೆದ ಮೇಲೆ ನಾಗರಿಕ ಬಳಕೆ ಹುಲುಸಾಗಿ ಬೆಳೆಯಿತು.

ಪುಣೆಗೆ ಪರಮ್ ಬಂದ ಬಗೆ

1950ರಲ್ಲಿ ಅದೇ ಎನಿಯಾಕ್ ಮೇಲೆ, ಅದೇ ವಾನ್ ನಾಯ್ಮನ್ ಬೆಂಬಲದಿಂದ, ಕಂಪ್ಯೂಟರ್ ಬಳಸಿ ಮೊದಲ ಬಾರಿಗೆ ಹವಾಮಾನ ಮುನ್ಸೂಚನೆ ಮಾಡಿದರು. 24 ಗಂಟೆಯ ಹವೆ ಹೇಳಲು ಹೆಚ್ಚುಕಡಿಮೆ 24 ಗಂಟೆಯೇ ಹಿಡಿಯಿತು! ಬಾಂಬಿನ ಯಂತ್ರಕ್ಕೆ ಮಳೆಯ ಲೆಕ್ಕ ಹೇಗೆ ಒಗ್ಗಿತು? ಎರಡೂ ಕಡೆ ಇರುವುದು ಹರಿವಿನ ಗಣಿತ. ಮೋಡ ತುಂಬಿದ ಗಾಳಿ ಹರಿಯುವುದನ್ನೂ, ಸ್ಫೋಟದ ಒತ್ತಡ ಹರಡುವುದನ್ನೂ ಸಣ್ಣ ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೂ ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಮಳೆ ಹೇಳುವ ಯಂತ್ರ ಕ್ಷಿಪಣಿಯನ್ನೂ ವಿನ್ಯಾಸ ಮಾಡಬಲ್ಲದು. ಇದನ್ನೇ ಇಬ್ಬಗೆ ಬಳಕೆಯ ತಂತ್ರಜ್ಞಾನ ಎನ್ನುತ್ತಾರೆ.

ಇದರ ಬಿಸಿ 1980ರ ದಶಕದಲ್ಲಿ ನಮಗೆ ತಟ್ಟಿತು. ಭಾರತ ಅಮೆರಿಕದಿಂದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರ್ ಕೊಳ್ಳಲು ಹೊರಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕೆಂದ ಯಂತ್ರಕ್ಕೆ ಒಪ್ಪಿಗೆ ಸಿಗಲಿಲ್ಲ. ಅಣ್ವಸ್ತ್ರಕ್ಕೆ ಬಳಸಿಬಿಟ್ಟರೆ ಎಂಬ ಭಯ. ದೆಹಲಿಯ ಹವಾಮಾನ ಕೇಂದ್ರಕ್ಕೆ ಕಡಿಮೆ ಶಕ್ತಿಯ ಒಂದು ಯಂತ್ರ ಬಂತು. ಹವಾಮಾನ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಾರದು ಎಂಬ ಷರತ್ತು ಅದರ ಜೊತೆಗಿತ್ತು.

ಆಗ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಹುಟ್ಟಿತು. ವಿಜಯ್ ಭಾಟ್ಕರ್ ಮುಂದಾಳು. ಗಡುವು ಮೂರು ವರ್ಷ. ಕ್ರೇಯಂಥ ಒಂದೇ ಭಾರೀ ಪ್ರೊಸೆಸರ್ ಮಾಡಲು ಹೋಗದೆ, ಅಂಗಡಿಯಲ್ಲಿ ಸಿಗುವ ಟ್ರಾನ್ಸ್‌ಪ್ಯೂಟರ್ ಎಂಬ ಬ್ರಿಟಿಷ್ ಚಿಪ್‌ಗಳನ್ನು ಹತ್ತಾರು ಸಂಖ್ಯೆಯಲ್ಲಿ ಜೋಡಿಸಿ ಒಂದೇ ಲೆಕ್ಕವನ್ನು ಹಂಚಿ ಮಾಡಿಸಿದರು. 1991ರಲ್ಲಿ ಪರಮ್ 8000 ಸಿದ್ಧವಾಯಿತು. ಒಂದು ದೊಡ್ಡ ಮೆದುಳಿನ ಬದಲು ಹಲವು ಚಿಕ್ಕವನ್ನು ಜೋಡಿಸುವ ಈ ದಾರಿಯನ್ನೇ ಆಮೇಲೆ ಜಗತ್ತಿನ ಸೂಪರ್ ಕಂಪ್ಯೂಟರ್‌ಗಳೂ ಹಿಡಿದವು.

ಹಾಗಾದರೆ ಗೇಮ್ ಚಿಪ್?

1990ರ ದಶಕದಿಂದ ಹೊಳೆ ತಿರುಗಿ ಹರಿಯಿತು. ಮನೆಗಳಿಗೆ ಮಾರುವ ಚಿಪ್‌ಗಳು ಎಷ್ಟು ಮುಂದೆ ಹೋದವೆಂದರೆ ಸೇನೆಯೇ ಅವುಗಳ ಗಿರಾಕಿಯಾಯಿತು. ಗ್ರಾಫಿಕ್ಸ್ ಚಿಪ್ ಪರದೆಯ ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಗುಣಾಕಾರವನ್ನು ಒಟ್ಟಿಗೆ ಮಾಡುತ್ತದೆ. ಎಐಗೆ ಬೇಕಾದದ್ದೂ ಅದೇ. ಬಾಂಬಿನ ಲೆಕ್ಕಕ್ಕೂ ಅದು ಒಗ್ಗುತ್ತದೆ. 1992ರ ನಂತರ ಅಮೆರಿಕ ಅಣುಪರೀಕ್ಷೆ ಮಾಡಿಲ್ಲ. ತನ್ನ ಅಣ್ವಸ್ತ್ರಗಳ ಸ್ಥಿತಿಯನ್ನು ಅದು ಕಂಪ್ಯೂಟರಿನೊಳಗೇ ಪರೀಕ್ಷಿಸುತ್ತದೆ. 2024ರ ನವೆಂಬರ್‌ನಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿದ ಎಲ್ ಕ್ಯಾಪಿಟನ್‌ಗೆ ಮುಖ್ಯ ಕೆಲಸ ಅದೇ. ಅದರೊಳಗಿರುವ ಚಿಪ್ ಎಎಂಡಿಯದು. ಗೇಮ್ ಆಡುವವರಿಗೆ ಗ್ರಾಫಿಕ್ಸ್ ಕಾರ್ಡ್ ಮಾರುವ ಕಂಪನಿಯೇ ಅದು. ಚಿಪ್ ಮಾರಾಟಕ್ಕೆ ನಿಯಮ ಬರುವುದು ಈ ಕಾರಣಕ್ಕೆ.

ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಗೆ 2024ರ ಸೆಪ್ಟೆಂಬರ್‌ನಲ್ಲಿ ಅರ್ಕ ಎಂಬ ಸೂಪರ್ ಕಂಪ್ಯೂಟರ್ ಬಂತು. ಅದು ಇರುವುದು ಮಳೆ, ಚಂಡಮಾರುತಗಳ ಲೆಕ್ಕಕ್ಕೆ. 2025ರ ಮೇ ತಿಂಗಳಿಂದ ದೇಶದ ಹವಾಮಾನ ಮುನ್ಸೂಚನೆ 12 ಕಿಲೋಮೀಟರ್ ಬದಲು 6 ಕಿಲೋಮೀಟರ್ ಚೌಕಗಳಲ್ಲಿ ಸಿಗುತ್ತಿದೆ. ಅರ್ಕದ ಜೊತೆಯಲ್ಲೇ ಉದ್ಘಾಟನೆಯಾದ ಪರಮ್ ರುದ್ರ ಯಂತ್ರಗಳಲ್ಲಿ ಒಂದು ಪುಣೆ ಬಳಿಯ ಖೋಡದ್‌ನ ರೇಡಿಯೋ ದೂರದರ್ಶಕಕ್ಕಾಗಿ ದುಡಿಯುತ್ತದೆ. ರುದ್ರದ ಸರ್ವರ್ ವಿನ್ಯಾಸ ಸಿ-ಡ್ಯಾಕ್‌ನದು, ಒಳಗಿನ ಪ್ರೊಸೆಸರ್ ಇಂಟೆಲ್‌ನದು. ಆ ಪ್ರೊಸೆಸರ್ ಕೂಡ ನಮ್ಮದೇ ಇರಲಿ ಎಂದು ಸಿ-ಡ್ಯಾಕ್ ಈಗ ಔಮ್ ಎಂಬ ಚಿಪ್ಪಿನ ವಿನ್ಯಾಸದಲ್ಲಿ ತೊಡಗಿದೆ.